ದೀಪ ದೊಡ್ಡದಾಯಿತು

ನೀರು ಬಿದ್ದರೂ ಉಬ್ಬದ ಮರದ ಹಲಗೆ ಎಂದು ಅಂಗಡಿಯವನು ಆಣೆ ಮಾಡಿ ಹೇಳಿದ ಮೇಲೆಯೇ ಗುರುಚರಣ ಅದನ್ನು ನೆಲಕ್ಕೆ ಹಾಸಲು ಕೊಂಡದ್ದು. ಅವನ ತಾಯಿ ಚಂದ್ರಮತಿಗೆ ಒದ್ದೆ ಸೀರೆಯಲ್ಲೇ ಬಚ್ಚಲಿನಿಂದ ದೇವರ ಮುಂದಕ್ಕೆ ನಡೆದು ಬರುವ ಅಭ್ಯಾಸ. ಮೈಲಾಪೂರಿನ ಆ ಹಳೆಯ ಫ್ಲ್ಯಾಟಿನ ಮೊಸಾಯಿಕ್ ನೆಲದ ಮೇಲೆ ಒಮ್ಮೆ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದರು. ಆಳು ಬೇಡ, ನಾನೇ ಹಾಕುತ್ತೇನೆ ಎಂದು ಮಗ ಹಟ ಹಿಡಿದ. ಹಾಕಿದ್ದೂ ಚೆನ್ನಾಗಿಯೇ ಎನ್ನಿ. ನೆಲ ಮಟ್ಟ ಮಾಡಿ, ತೆಳ್ಳನೆಯ ಹಾಸು ಹರಡಿ, ಮರ ಹಿಗ್ಗಲೆಂದು ಗೋಡೆಯ ಪಕ್ಕ ಬೆರಳಗಲ ಜಾಗ ಬಿಟ್ಟು, ಹಲಗೆಗೆ ಹಲಗೆ ಕಚ್ಚಿಸಿದ. ಕೊಯ್ಯುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಕೊನೆಗೆ ಉಳಿದದ್ದು ಮೇಲಿನ ಪಾಲಿಶ್ ಒಂದೇ.

"ಇದರ ಆವಿಗೆ ಬೆಂಕಿ ತಗುಲಿದ್ರೆ ಭಗ್ ಅನ್ನತ್ತೆ ಅಮ್ಮ. ಕಿಟಕಿ ಎಲ್ಲಾ ತೆಗೆದಿಡ್ತೀನಿ. ಗ್ಯಾಸ್ ಹಚ್ಚೋ ಹಾಗಿಲ್ಲ, ದೇವರ ದೀಪಾನೂ ಇರಬಾರದು," ಎಂದು ತಾಯಿಗೆ ಹೇಳಿದ. ಆ ಹೊತ್ತಿನಲ್ಲಿ ಅವನ ಹೆಂಡತಿ ಪ್ರಣಮ್ಯಾ ಶೋಳಿಂಗನಲ್ಲೂರಿನ ಆಫೀಸಿನಲ್ಲಿದ್ದಳು.

ಪ್ರಣಮ್ಯಾ ಮದ್ರಾಸಿನಲ್ಲೇ ಹುಟ್ಟಿ ಬೆಳೆದವಳು. ತವರಿನ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. ನಂಜನಗೂಡಿನ ಅತ್ತೆಯ ಮಾತು ಎಷ್ಟೋ ಸಲ ತಲೆಯ ಮೇಲೆ ಹಾದುಹೋಗುತ್ತಿತ್ತು. ಆದರೆ ಮದುವೆಯ ಮನೆಯಲ್ಲೇ ಯಾರೋ, "ಮದ್ರಾಸಿನ ಹುಡುಗಿ, ಕನ್ನಡ ನೋಡಿ ಎಷ್ಟು ಚೆನ್ನ!" ಎಂದುಬಿಟ್ಟಿದ್ದರು. ಆ ಹೊಗಳಿಕೆ ಕಳೆದುಕೊಳ್ಳಲು ಅವಳಿಗೆ ಮನಸ್ಸಿಲ್ಲ. ಅರ್ಥವಾಗದ ಮಾತಿಗೂ "ಗೊತ್ತು ಅತ್ತೆ" ಎಂದು ತಲೆಯಾಡಿಸುವುದನ್ನು ಚೆನ್ನಾಗಿ ರೂಢಿಸಿಕೊಂಡಿದ್ದಳು. ಬುದ್ಧಿವಂತರ ದಡ್ಡತನ ಅಂದರೆ ಇದೇ.

ಪಾಲಿಶ್ ದಿನ ಬೆಳಿಗ್ಗೆ ಚಂದ್ರಮತಿ ವಾಸನೆಗೆ ಅಂಜಿ ಪರಿಚಯದವರ ಮನೆಗೆ ಹೊರಟರು. ಬಾಗಿಲಲ್ಲಿ ನಿಂತು ಸೊಸೆಗೆ ಹೇಳಿದರು: "ಈಗ ತಾನೇ ದೀಪ ಹಚ್ಚಿದೀನಿ, ಸ್ವಲ್ಪ ಹೊತ್ತು ಇರಲಿ. ನೀನು ಹೊರಡೋ ಮುಂಚೆ ದೊಡ್ಡದು ಮಾಡಿಬಿಡಮ್ಮ, ಮರೀಬೇಡ."

"ಗೊತ್ತು ಅತ್ತೆ, ಮಾಡ್ತೀನಿ."

ಅತ್ತೆ ದಿನವಿಡೀ ಮನೆಯಲ್ಲಿರುವುದಿಲ್ಲವಲ್ಲ, ಸಂಜೆಯವರೆಗೂ ಉರಿಯಲಿ ಅಂತ ಹೇಳಿರಬೇಕು ಎಂದುಕೊಂಡಳು ಪ್ರಣಮ್ಯಾ. ಬತ್ತಿ ಮೇಲೆಳೆದಳು, ಎಣ್ಣೆ ತುಂಬಿಸಿದಳು, ದೇವರ ಗೂಡಿನ ಸಣ್ಣ ತೂತುಗಳ ಮರದ ಬಾಗಿಲು ಮುಚ್ಚಿ ಆಫೀಸಿಗೆ ಹೋದಳು. ಪಾಲಿಶ್ ತರಲು ಹೋಗಿದ್ದ ಗುರುಚರಣ ಮನೆಗೆ ಬಂದು, ತಾಯಿಗೆ ಫೋನ್ ಮಾಡಿ ದೀಪದ ವಿಷಯ ಕೇಳಿದ. "ಪ್ರಣಮ್ಯಾಗೆ ಹೇಳಿದೀನಿ, ಅವಳು ಹೇಳಿದ್ದನ್ನ ಮರೆಯೋಳಲ್ಲ," ಎಂದರು ಅವರು. ಗೂಡಿನ ಬಾಗಿಲು ತೆಗೆದು ನೋಡದೆ ಅವನು ಡಬ್ಬಿಯ ಮುಚ್ಚಳ ತೆಗೆದ.

ಗೂಡಿನ ಹತ್ತಿರ ಬಂದಾಗ ಕೈಯಲ್ಲಿದ್ದ, ತಿನ್ನರ್‌ನಲ್ಲಿ ಅದ್ದಿದ ಬಟ್ಟೆಗೇ ಬೆಂಕಿ ಹತ್ತಿತು. ಒದ್ದೆ ಗೋಣಿ ಎಸೆದು ಆರಿಸಿದನಾದರೂ ಎಡಗೈ ಮೊಣಕೈವರೆಗೆ ಸುಟ್ಟಿತು. ನೀರಿಗೆ ಜಗ್ಗದ ಹಲಗೆಗಳು ದೇವರ ಮುಂದೆ ಕರ್ರಗೆ ಸೀದುಹೋದವು.

ಸಂಜೆ ಕೈಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಬಂದವನು ತಾಯಿಯ ಮೇಲೆ ಕೂಗಾಡಿದ. "ದೀಪ ಆರಿಸಿ ಅಂತ ಬಾಯಿ ಬಿಟ್ಟು ಹೇಳಿದ್ದೆನಲ್ಲಮ್ಮ!"

"ಇವಳಿಗೆ ಹೇಳಿದ್ನಲ್ಲೋ," ಎಂದು ಚಂದ್ರಮತಿ ಸೊಸೆಯ ಮುಖ ನೋಡಿದರು.

"ಇಲ್ಲಪ್ಪಾ, ಆರಿಸೋಕೆ ಅತ್ತೆ ಹೇಳಲೇ ಇಲ್ಲ," ಎಂದಳು ಪ್ರಣಮ್ಯಾ. ಅವಳ ಮಟ್ಟಿಗೆ ಅದು ಸತ್ಯವೇ. ದೊಡ್ಡದು ಮಾಡೆಂದು ಹೇಳಿದ್ದನ್ನು ಎತ್ತಿ ಅತ್ತೆಯನ್ನು ಇನ್ನಷ್ಟು ಸಿಕ್ಕಿಸುವುದೇಕೆ ಎಂದು ಅಷ್ಟಕ್ಕೇ ನಿಲ್ಲಿಸಿದಳು. ಎಣ್ಣೆ ಸುರಿದ ಕೈ ತನ್ನದೆಂಬುದು ಹೊರಬರದಿರಲಿ ಎಂಬ ಆಸೆಯೂ ಒಳಗಿತ್ತು.

ಚಂದ್ರಮತಿ ಮಗನ ಕೈಯನ್ನೇ ನೋಡುತ್ತ ಕುಸಿದು ಕೂತರು. "ಹೇಳಿದೆ ಅಂತಲೇ ಅಂದ್ಕೊಂಡಿದ್ದೆ," ಎಂದರು ಮೆಲ್ಲಗೆ. ಅಂದಿನಿಂದ ಆ ಹೆಂಗಸಿಗೆ ತನ್ನ ಮೇಲೆ ತನಗೇ ನಂಬಿಕೆ ಹೋಯಿತು. ಗ್ಯಾಸ್ ಆಫ್ ಮಾಡಿ ಮತ್ತೆ ಬಂದು ನೋಡುವರು, ಸಾರಿಗೆ ಉಪ್ಪು ಹಾಕಿದೆನೇ ಎಂದು ಸೊಸೆಯನ್ನು ಕೇಳುವರು. ಗುರುಚರಣ ದೇವರ ಮುಂದೆ ಬ್ಯಾಟರಿ ದೀಪ ತಂದಿಟ್ಟ. ಪೋರೂರಿನ ಆಸ್ಪತ್ರೆಯಲ್ಲಿ ಮರೆವಿನ ಡಾಕ್ಟರನ್ನು ನೋಡುವುದೆಂದು ಗೊತ್ತು ಮಾಡಿದ.

ಆಸ್ಪತ್ರೆಗೆ ಹೋಗುವ ಮುಂಚಿನ ಒಂದು ಸಂಜೆ ಬಾಲ್ಕನಿಯಿಂದ ಅತ್ತೆ ಕೂಗಿದರು: "ಅಯ್ಯೋ, ಗಾಳಿಗೆ ತುಳಸಿ ಮುಂದಿನ ದೀಪ ದೊಡ್ಡದಾಗ್ಹೋಯ್ತು ನೋಡಮ್ಮ!"

ಪ್ರಣಮ್ಯಾ ಓಡಿ ಬಂದು ನೋಡಿದಳು. ದೀಪ ಆರಿತ್ತು. ಬತ್ತಿಯ ತುದಿಯಲ್ಲಿ ಹೊಗೆ.

ದೀಪ 'ಆರಿತು' ಎಂದು ಬಾಯಲ್ಲಿ ಆಡಬಾರದೆಂದು ಹೀಗನ್ನುವವರಿದ್ದಾರೆ ಎಂದು ಆಗ ಹೊಳೆಯಿತು. ಆಗಲೇ ಹೇಳಬಹುದಿತ್ತು. ನಾಳೆ ಹೇಳೋಣವೆಂದಳು, ನಾಳೆಯೂ ಹಾಗೇ ಹೋಯಿತು. ತಾನು ಇಷ್ಟು ಸಣ್ಣವಳೇ ಎಂದು ನಾಚಿಕೆ. ಆ ನಾಚಿಕೆಯೇ ಬಾಯಿಗೆ ಬೀಗ ಹಾಕಿತು.

ಆಸ್ಪತ್ರೆಗೆ ಅತ್ತೆಯ ಜೊತೆ ಅವಳೇ ಹೋಗಬೇಕಾಯಿತು. ಡಾಕ್ಟರಿಗೆ ಕನ್ನಡ ಬರದು, ಅತ್ತೆಗೆ ತಮಿಳು ಅಷ್ಟಕ್ಕಷ್ಟೇ. ನಡುವೆ ಸೊಸೆಯೇ ದುಭಾಷಿ. ಆ ದಿನ ದೀಪದ ಬಗ್ಗೆ ಏನು ಹೇಳಿದಿರಿ ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು. ಪ್ರಣಮ್ಯಾ ಅದನ್ನು ಕನ್ನಡದಲ್ಲಿ ಹೇಳಿದಳು.

ಚಂದ್ರಮತಿ ಸೆರಗಿನ ತುದಿ ಹಿಂಡುತ್ತ ಕೂತರು. "ಏನೂ ಹೇಳಲಿಲ್ಲ, ಮರೆತೆ ಅಂತ ಹೇಳಿಬಿಡಮ್ಮ. ನೀನು ಸುಳ್ಳು ಹೇಳೋಳಲ್ಲ. ನನ್ನ ತಲೆಯೇ ಸರಿಯಿಲ್ಲ."

ಆ ಮಾತನ್ನು ಅವಳು ತಮಿಳು ಮಾಡಲಿಲ್ಲ. "ಅತ್ತೆ," ಎಂದಳು, ತಲೆ ತಗ್ಗಿಸಿ. "ನೀವು ಹೇಳಿದ್ರಿ. ದೊಡ್ಡದು ಮಾಡು ಅಂದ್ರಿ. ನಂಗೆ ಅರ್ಥ ಆಗಲಿಲ್ಲ. ಬತ್ತಿ ಎಳೆದು ಎಣ್ಣೆ ಹಾಕ್ಬಿಟ್ಟೆ. ಆಮೇಲೆ ಅರ್ಥ ಗೊತ್ತಾಯ್ತು, ಆದ್ರೂ ಸುಮ್ನಿದ್ದೆ."

ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು.

"ಹಾಗಾದ್ರೆ ನಾನು ಹೇಳಿದ್ದೆ?" ಎಂದರು ಚಂದ್ರಮತಿ. "ನಿಜವಾಗ್ಲೂ ಹೇಳಿದ್ದೆ?"

"ಹೇಳಿದ್ರಿ ಅತ್ತೆ."

ಆ ಮುಖದಲ್ಲಿ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ಮಗುವಿನಂತೆ ನಗುತ್ತ, ಅವರು ಸೊಸೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದರು. ಆಮೇಲೆ, ತಾವು ಹೇಳಿದ್ದು ನಿಜವೆಂದು ತಿಳಿಸಲು, ತಮಗೆ ಬರುತ್ತಿದ್ದ ನಾಲ್ಕು ತಮಿಳು ಮಾತನ್ನು ಒಟ್ಟುಗೂಡಿಸಿಕೊಂಡು ಡಾಕ್ಟರ ಕಡೆ ತಿರುಗಿದರು.

"ನಾನ್ ಸೊನ್ನೇನ್, ಡಾಕ್ಟರ್," ಎಂದರು. "ನಾನ್ ಸೊನ್ನೇನ್."

ಪ್ರಣಮ್ಯಾಗೆ ಅತ್ತೆಯ ಮುಖ ನೋಡಲಾಗಲಿಲ್ಲ.