ಬೇಲಿಯೊಳಗಿನ ಮಣ್ಣು

ಯೂಲಾ ತಲೆಯ ಕಪ್ಪು ಟೋಪಿಯಿಂದ ಪಿನ್ನುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಗೇಟಿನ ಕಾವಲುಗಾರ ಕಾರ್ನೆಲ್ ಹೆಲ್ಮೆಟ್ ಹಿಡಿದು ಕಾಯುತ್ತಿದ್ದ.

“ತೆಗೀಲೇಬೇಕು, ಅತ್ತೆ. ಕಾರ್ಖಾನೆ ರೂಲು.”

“ಅಕ್ಕನ ಮಣ್ಣಿಗೆ ಅಂತ ಹಾಕ್ಕೊಂಡು ಬಂದಿದ್ದು ಕಣೋ. ಚರ್ಚಲ್ಲಿ ನಿಂಗೆ ಪಾಠ ಹೇಳ್ಕೊಟ್ಟೋಳು ಅವ್ಳು.”

“ಗೊತ್ತು.” ಕಾರ್ನೆಲ್ ಮುಖ ಎತ್ತಲಿಲ್ಲ.

ಯೂಲಾಳ ಚಿಕ್ಕಪ್ಪನ ಮಗ ಓಡೆಲ್ ಆಗಲೇ ಹೆಲ್ಮೆಟ್ ಏರಿಸಿದ್ದ. “ಜೀವಮಾನವೆಲ್ಲ ಇಲ್ಲಿ ಕೆಲ್ಸ ಕೇಳ್ದೆ, ಕೊಡ್ಲಿಲ್ಲ. ಇವತ್ತು ನೋಡು, ಟೋಪಿ ಕೊಟ್ಟವ್ರೆ.”

ಹಿಂದೆ ಯಾರೋ ಕಿಸಕ್ಕೆಂದು ಸುಮ್ಮನಾದರು. ಶವದ ಗಾಡಿಯ ಹಿಂದೆ ಕಾರ್ಖಾನೆಯ ಬಸ್ಸು ಕಾರ್ನೆಲನನ್ನೂ ಹತ್ತಿಸಿಕೊಂಡು ಹೊರಟಿತು. ಅಮೆರಿಕದ ಲೂಯಿಸಿಯಾನದ ಆ ನದಿದಂಡೆಯಲ್ಲಿ ರಾಸಾಯನಿಕ ಕಾರ್ಖಾನೆ ಊರನ್ನೇ ಕೊಂಡಿತ್ತು. ಕಪ್ಪು ಜನರ ಸ್ಮಶಾನ ಮಾತ್ರ ಟ್ಯಾಂಕುಗಳ ನಡುವೆ, ಬೇಲಿಯೊಳಗೆ ಉಳಿದಿತ್ತು. ತೀರಿದವರ ಗುಂಡಿಯನ್ನು ಮನೆಯವರೇ ತುಂಬಬೇಕು, ಪರರು ಮುಚ್ಚಿದರೆ ಆ ಜೀವ ತನ್ನವರನ್ನು ಹುಡುಕುತ್ತ ಅಲೆಯುತ್ತದೆ ಎಂದು ಯೂಲಾಳ ಮನೆತನ ನಂಬಿತ್ತು.

*

ಹಿಂದೊಮ್ಮೆ, ಕಾರ್ಖಾನೆಗೆ ಸ್ಮಶಾನದ ದಾರಿಯನ್ನೂ ಬಿಟ್ಟುಕೊಡಲು ಜಿಲ್ಲಾ ಮಂಡಳಿ ಕರೆದ ಸಭೆಗೆ ಯೂಲಾಳ ಅಕ್ಕ ಅಲ್ಮೀಡಾ ಅದೇ ಕಾರ್ಖಾನೆಯ ಕಚೇರಿ ಗುಡಿಸಿ, ಕೈ ತೊಳೆದುಕೊಂಡು ಬಂದಿದ್ದಳು.

“ನಮ್ಮಮ್ಮ ಅಲ್ಲಿ ಮಲ್ಗವ್ಳೆ. ದಾರಿ ಮುಚ್ಬೇಡಿ” ಎನ್ನುವಷ್ಟರಲ್ಲಿ ಮೈಕು ಸತ್ತಿತು. ಮೇಜಿನಾಚೆಯವರು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಅಧ್ಯಕ್ಷ ಬಾಯೊರೆಸಿಕೊಂಡು, “ಟೈಮ್ ಆಯ್ತಮ್ಮ. ಮುಂದಿನೋರು ಬನ್ನಿ” ಎಂದ.

ಮುಂದೆ ಯಾರೂ ಇರಲಿಲ್ಲ. ಅಲ್ಮೀಡಾ ಸತ್ತ ಮೈಕಿಗೇ ಮಾತು ಮುಗಿಸಿ ಇಳಿದಳು. ಮನೆಗೆ ನಡೆಯುತ್ತ ತಂಗಿಗೆ ಹೇಳಿದಳು: “ನಾನು ಹೋದ್ರೆ ಅಮ್ಮನ ಪಕ್ಕ ಹಾಕು. ಮಣ್ಣು ನೀನೇ ಮುಚ್ಚು. ಇವರ ಕೈಗೆ ಬಿಡ್ಬೇಡ.”

“ಬಿಡಲ್ಲ” ಎಂದಿದ್ದಳು ಯೂಲಾ.

*

ಅಕ್ಕನ ಪೆಟ್ಟಿಗೆ ಗುಂಡಿಗೆ ಇಳಿದಿತ್ತು. ಓಡೆಲ್ ಸಲಿಕೆಯಲ್ಲಿ, ಯೂಲಾ ಬರಿಗೈಯಲ್ಲಿ ಮಣ್ಣೆಳೆಯುತ್ತಿದ್ದಾಗ ಸೈರನ್ ಕೂಗಿತು. ಕೊಳೆತ ಮೊಟ್ಟೆಯ ವಾಸನೆ ಬಂತು.

“ಗ್ಯಾಸ್ ಸೋರ್ತಿದೆ. ಬಸ್ ಹತ್ತಿ” ಎಂದ ಕಾರ್ನೆಲ್.

“ಇನ್ನೂ ಅರ್ಧ ಐತಲ್ಲೋ.”

“ಉಸಿರು ಕಟ್ಟುತ್ತೆ, ಅತ್ತೆ. ನಾಳೆ ಕೇಳಿ ನೋಡಾಣ.”

“ಯಾವ ನಾಳೆ? ಒಂದು ಹೆಣಕ್ಕೆ ಒಂದೇ ಸಲ ಗೇಟು ತೆಗ್ಯೋದು ಅಂತ ನೀನೇ ಹೇಳ್ದೆ.”

ಕಾರ್ನೆಲನೂ ಓಡೆಲನೂ ಆಕೆಯ ತೋಳು ಹಿಡಿದು ಎಬ್ಬಿಸಿದರು. ಆಕೆ ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಓಡೆಲನಿಗೆ.

ಬಸ್ಸು ತಿರುಗುವಾಗ ಟ್ಯಾಂಕುಗಳ ಹಿಂದಿನಿಂದ ಮಣ್ಣು ತಳ್ಳುವ ಯಂತ್ರವೊಂದು ಬಂತು. ನಡೆಸುವವನ ಮುಖಕ್ಕೆ ಗ್ಯಾಸಿನ ಮುಖವಾಡವಿತ್ತು. ಅದು ಗುಡ್ಡೆಯನ್ನು ಒಂದೇ ನೂಕಿಗೆ ಗುಂಡಿಗೆ ತಳ್ಳಿತು, ಮೇಲೊಮ್ಮೆ ಹತ್ತಿಳಿದು ಹೊರಟುಹೋಯಿತು.

ಗೇಟು ದಾಟುವಾಗ ಓಡೆಲ್ ಬಂದು ಯೂಲಾಳ ಪಕ್ಕ ಕೂರಲು ಬಗ್ಗಿದ. ಆಕೆ ಖಾಲಿ ಸೀಟಿನ ಮೇಲೆ ಅಂಗೈ ಊರಿದಳು.

“ನೀನು ನಿಂತ್ಕೋ. ಅಕ್ಕ ಬರ್ತಾಳೆ” ಎಂದಳು. ಆಮೇಲೆ ಕಿಟಕಿಯತ್ತ ಇನ್ನಷ್ಟು ಸರಿದು, ಸೀಟಿನಲ್ಲಿ ಜಾಗ ಮಾಡಿದಳು.