ಮುಂದಿನ ವಾರಸುದಾರ

ಸಹಿ ಹಾಕುವುದಿಲ್ಲ ಎಂದುಬಿಡುವುದು, ಅಷ್ಟೆ. ಅಥವಾ ಹಾಕಿಬಿಡುವುದು, ಅದೇ ಸುಲಭ. ಹಳೇಬೀಡಿನ ಕೆರೆ ಕಾಣಿಸುವ ಹೊತ್ತಿಗೆ ಸಂಪತ್ಕುಮಾರ ಬಸ್ಸಿನಲ್ಲಿ ಕೂತು ಎರಡನ್ನೂ ಎಷ್ಟೋ ಸಲ ತೀರ್ಮಾನಿಸಿ ಅಷ್ಟೇ ಸಲ ರದ್ದು ಮಾಡಿದ್ದ.

ಅವನು ಬಿ.ಎ. ಓದಿ ಅರಸೀಕೆರೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತನಾಗಿದ್ದ. ಕಿಟಕಿಯಾಚೆ ನಿಂತವರು ಎಲ್ಲಿಗೆ ಹೋಗಬೇಕೆಂದು ಥಟ್ಟನೆ ಹೇಳದಿದ್ದರೆ ರೇಗುತ್ತಿದ್ದ. ಇವತ್ತು ಅವನ ಹಿಂದೆ ಯಾರೂ ಸಾಲು ನಿಂತಿರಲಿಲ್ಲ. ಆದರೂ ಬಾಯಿ ಬಿಡಲು ಆಗುತ್ತಿರಲಿಲ್ಲ.

ವಿಷಯ ಚಿಕ್ಕದು. ಮಾದಿಹಳ್ಳಿಯಲ್ಲಿ ಚಿಕ್ಕಪ್ಪನದೊಂದು ಗದ್ದೆ ಇತ್ತು. ಚಿಕ್ಕಪ್ಪ ಮಕ್ಕಳಿಲ್ಲದೆ ತೀರಿಕೊಂಡಿದ್ದ. ಅವನ ಹೆಂಡತಿ ಯದುಗಿರಿಗೆ ಬದುಕಿರುವ ತನಕ ಫಸಲು ಉಣ್ಣುವ ಹಕ್ಕು ಮಾತ್ರ, ಮಾರುವ ಹಕ್ಕಿಲ್ಲ. ಅವಳ ತರುವಾಯ ಗದ್ದೆ ಸಂಪತ್ಕುಮಾರನಿಗೆ. ಅವನಿಗೆ ಬುದ್ಧಿ ಬಂದಾಗಿನಿಂದ ಎಲ್ಲರೂ ಹಾಗೆಂದೇ ಹೇಳಿಕೊಂಡು ಬಂದಿದ್ದರು. ಗದ್ದೆಯನ್ನು ಗುತ್ತಿಗೆಗೆ ಕೊಡಲಿ, ಭೋಗ್ಯಕ್ಕೆ ಹಾಕಲಿ, ಕಾಗದದ ಕೆಳಗೆ ‘ಮುಂದಿನ ವಾರಸುದಾರ, ಒಪ್ಪಿಗೆ’ ಎಂದು ಬರೆದು ಅವನ ಸಹಿ ತೆಗೆದುಕೊಳ್ಳುತ್ತಿದ್ದರು. ಬೇರೆ ಯಾವುದಕ್ಕೂ ಅವನ ಒಪ್ಪಿಗೆಯನ್ನು ಯಾರೂ ಕೇಳಿದ್ದಿಲ್ಲ. ಮದುವೆಗೂ ಕೇಳಿರಲಿಲ್ಲ.

ಈಗ ಚಿಕ್ಕಮ್ಮ, ಅವನ ಒಪ್ಪಿಗೆಯ ಸಹಿ ನಂಬಿಕೊಂಡು, ಗದ್ದೆ ಮಾರುತ್ತಿದ್ದಳು. ಕೊಳ್ಳುವವನು ಅದನ್ನು ಉಳುತ್ತಿದ್ದ ಕರಿಯಪ್ಪನೇ. ಬಂದದ್ದರಲ್ಲಿ ಬೇಲೂರಿನ ದೇವಸ್ಥಾನದ ಹತ್ತಿರ ಒಂದು ಪುಟ್ಟ ಮನೆ ಕೊಂಡು, ದೇವರಿಗೆ ಹೂ ಕಟ್ಟಿಕೊಂಡು ಇರುತ್ತಾಳಂತೆ.

“ಸಹಿ ಹಾಕಿ ಬಂದ್ರೆ ಈ ಮನೆ ಬಾಗಿಲು ತಟ್ಟಬೇಡಿ,” ಎಂದಿದ್ದಳು ಹೆಂಡತಿ ವೇದವಲ್ಲಿ, ಬೆಳಿಗ್ಗೆ ಕಾಫಿ ಲೋಟ ಕುಕ್ಕಿ. “ನಮ್ಮ ಗದ್ದೇನ ನೀವೇ ಕೈಯಾರೆ ಬಿಟ್ಟುಕೊಡ್ತೀರಾ?”

ಸಹಿ ಹಾಕದಿದ್ದರೆ ಚಿಕ್ಕಮ್ಮನ ಮುಖ ನೋಡಬೇಕು. ಅವನು ಬೇಲೂರಿನಲ್ಲಿ ಹೈಸ್ಕೂಲು ಓದುವಾಗ, ತಾನೇ ತನ್ನ ಅಣ್ಣನ ಮನೆಯ ಹಂಗಿನಲ್ಲಿದ್ದೂ, ಅವನಿಗೆ ಹೊಟ್ಟೆ ತುಂಬ ಬಡಿಸಿದವಳು ಅವಳು. ಅವಳ ಆ ಹಂಗು ಇನ್ನೂ ತೀರಿರಲಿಲ್ಲ. ಅಣ್ಣ ಸತ್ತು ಈಗ ಅಣ್ಣನ ಸೊಸೆಯ ಕೈಕೆಳಗೆ ಬಿದ್ದಿದ್ದಳು.

ಬೇಲೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗಲಿಯ ಮೇಲೆ ಚಿಕ್ಕಮ್ಮ ತಲೆ ತುಂಬ ಸೆರಗು ಹೊದ್ದು ಕೂತಿದ್ದಳು.

“ಬಂದ್ಯೇನೋ? ತಿಂಡಿ ಆಯ್ತಾ?”

“ಆಯ್ತು.”

“ವೇದಾ ಏನಂದಳು?”

“ಏನೂ ಅನ್ಲಿಲ್ಲ.”

“ಅಂದಿರ್ತಾಳೆ ಬಿಡು.”

ಕರಿಯಪ್ಪ ಎದ್ದು ನಿಂತು ಹೆಗಲ ಮೇಲಿನ ವಸ್ತ್ರ ಇಳಿಸಿದ. “ಅಯ್ನೋರು ಬಂದ್ರಲ್ಲ, ಸಾಕು. ನಿಮ್ದೊಂದು ಸೈನು ಬಿದ್ರೆ ನಂಗೆ ಕಣ್ತುಂಬ ನಿದ್ದೆ ಬತ್ತೈತೆ.”

ಸಂಪತ್ಕುಮಾರ ಜೇಬಿನಲ್ಲಿದ್ದ ಪೆನ್ನನ್ನು ಮುಟ್ಟಿ ನೋಡಿಕೊಂಡ.

ಒಳಗೆ ಕರೆದರು. ಕ್ರಯಪತ್ರ ಬರೆದಿದ್ದ ಚನ್ನಬಸವಯ್ಯ ಕಾಗದವನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತ. ಸಬ್‌ರಿಜಿಸ್ಟ್ರಾರ್ ಸಾಹೇಬರು ಓದುತ್ತಾ ಓದುತ್ತಾ ಕೊನೆಯ ಸಾಲಿನಲ್ಲಿ ತಡೆದರು.

“ಈ ಸಂಪತ್ಕುಮಾರ್ ಯಾರು?”

“ನಾನು, ಸಾರ್. ಮುಂದಿನ ವಾರಸುದಾರ.”

“ಹಾಗಂತ ಯಾರು ಹೇಳಿದ್ರು?”

ಅವನು ಚಿಕ್ಕಮ್ಮನ ಕಡೆ ನೋಡಿದ. ಚಿಕ್ಕಮ್ಮ ಕರಿಯಪ್ಪನ ಕಡೆ ನೋಡಿದಳು.

“ಕಾಯಿದೆ ಬದಲಾಗಿ ಎರಡು ವರ್ಷ ಆಯ್ತಲ್ರೀ. ಗಂಡನಿಂದ ಬಂದು ಕೈಯಲ್ಲಿರೋ ಆಸ್ತಿಗೆ ಈಗ ಆಕೆಯೇ ಪೂರ್ತಿ ಒಡತಿ. ಮಾರಬಹುದು, ಅಡವಿಡಬಹುದು, ದಾನ ಮಾಡಬಹುದು. ನಿಮ್ಮ ಒಪ್ಪಿಗೆ ಯಾತಕ್ಕೆ?”

“ರೂಢಿ, ಸ್ವಾಮಿ. ಎಲ್ಲಾರೂ ಕೇಳ್ತಾರೆ,” ಎಂದ ಚನ್ನಬಸವಯ್ಯ.

“ರೂಢಿಗೆ ನಾನು ಮೊಹರು ಹಾಕೋಕೆ ಬರಲ್ಲ. ಆ ಸಾಲು ಹೊಡೆದುಹಾಕಿ. ಅಮ್ಮಾ, ಪಕ್ಕದಲ್ಲಿ ನಿಮ್ಮ ಸಹಿ ಮಾಡಿ.”

ಅವನ ಹೆಸರಿನ ಮೇಲೆ ಗೀಟು ಬಿತ್ತು. ಚಿಕ್ಕಮ್ಮ ಪಕ್ಕದಲ್ಲಿ ದುಂಡಗೆ ಸಹಿ ಮಾಡಿದಳು.

ಸಂಪತ್ಕುಮಾರನಿಗೆ ಮೊದಲು ಆದದ್ದು ಸಂತೋಷ. ಎದೆಯ ಮೇಲಿನ ಭಾರ ಸರ್ರನೆ ಇಳಿದುಹೋಯಿತು. ವೇದವಲ್ಲಿಗೆ, ‘ನಾನು ಸಹಿ ಹಾಕಲಿಲ್ಲ’ ಎನ್ನಬಹುದು, ನಿಜ. ಚಿಕ್ಕಮ್ಮನಿಗೆ, ‘ನಾನು ಬೇಡವೆನ್ನಲಿಲ್ಲ’ ಎನ್ನಬಹುದು, ಅದೂ ನಿಜ. ಯಾರ ಎದುರೂ ಕೆಟ್ಟವನಾಗದೆ ಪಾರಾಗಿದ್ದ. ನಗು ಕೂಡ ಬಂತು. ಈ ಕಾಯಿದೆಯ ಸುದ್ದಿಯನ್ನು ಅವನೇ ಪೇಪರಿನಲ್ಲಿ ಓದಿದ್ದ; ಹೆಂಗಸರಿಗೆ ನ್ಯಾಯ ಸಿಕ್ಕಿತೆಂದು ಸ್ಟೇಷನ್ ಮಾಸ್ತರರ ಮುಂದೆ ಭಾಷಣವನ್ನೂ ಬಿಗಿದಿದ್ದ. ಆ ಹೆಂಗಸರಲ್ಲಿ ಚಿಕ್ಕಮ್ಮನೂ ಒಬ್ಬಳೆಂದು ಹೊಳೆದಿರಲಿಲ್ಲ.

“ಹೇಗೂ ಬಂದಿದೀರಿ, ಗುರುತು ಹೇಳೋರಾಗಿ ನಿಲ್ಲಿ,” ಎಂದರು ಸಾಹೇಬರು. “ಅಮ್ಮಾ, ನಿಮ್ಮ ಯಜಮಾನರ ಹೆಸರು?”

ಚಿಕ್ಕಮ್ಮ ತಲೆ ತಗ್ಗಿಸಿ ಸಂಪತ್ಕುಮಾರನ ಕಡೆ ಕೈ ತೋರಿದಳು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳುವುದುಂಟೇ? ಇಂಥ ಹೊತ್ತಿನಲ್ಲಿ ಜೊತೆಗೆ ಬಂದ ಗಂಡಸು ಹೇಳುತ್ತಾನೆ. ಸಾಹೇಬರಿಗೂ ಅದು ಗೊತ್ತು. ಅವರು ಅವನತ್ತ ತಿರುಗಿ ಕಾದರು.

ಅವನು ಬಾಯಿ ತೆರೆದ. ಅಪ್ಪು ಚಿಕ್ಕಪ್ಪ. ಅಪ್ಪು ಚಿಕ್ಕಪ್ಪ. ಅದು ಮನೆಯಲ್ಲಿ ಕರೆಯುವ ಹೆಸರು. ಕಾಗದದ ಹೆಸರನ್ನು ಅವನು ತನ್ನ ಸಹಿಯ ಮೇಲೆಯೇ ಎಷ್ಟೋ ಸಲ ಕಂಡಿದ್ದ. ಯಾವ ಮನುಷ್ಯನಿಂದ ತನಗೆ ಇಷ್ಟು ವರ್ಷ ಒಂದು ಹಕ್ಕು ಇತ್ತೋ ಆ ಮನುಷ್ಯನ ಹೆಸರು ಈಗ ನಾಲಿಗೆಗೆ ಬರಲೊಲ್ಲದು.

“ಅಪ್ಪು...” ಎಂದ.

“ಆ ಹೆಸರು ಈ ಪತ್ರದಲ್ಲಿಲ್ಲ,” ಎಂದರು ಸಾಹೇಬರು.

“ತಿರುನಾರಾಯಣ,” ಎಂದಳು ಚಿಕ್ಕಮ್ಮ.

ಕರಿಯಪ್ಪ ನೆಲ ನೋಡಿದ. ಸಾಹೇಬರು ಬರೆದುಕೊಂಡರು.

ಹೊರಗೆ ಬಂದ ಮೇಲೆ ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. “ಏನೂ ಆಗ್ಲಿಲ್ಲ ನೋಡೋ. ಹೆಸರು ಹೇಳಿದ್ರೆ ಅವರ ಆಯುಸ್ಸು ಕಮ್ಮಿ ಆಗತ್ತೆ ಅಂತಿದ್ರು. ಅವರೇ ಇಲ್ಲ!” ಆಮೇಲೆ ಅವನ ಮುಖ ನೋಡಿದಳು. “ನಿನಗೆ ಬೇಜಾರಾ?”

“ಇಲ್ಲ. ನಿಜವಾಗಿ ಇಲ್ಲ.”

ನಿಜವಾಗಿ ಇರಲಿಲ್ಲ. ಹುಡುಕಿ ನೋಡಿದ, ಏನೂ ಸಿಗಲಿಲ್ಲ.

“ಹೊಸ ಮನೇಲಿ ಹಾಲುಕ್ಕಿಸೋ ದಿನ ವೇದಾನ್ನ ಕರ್ಕೊಂಡು ಬಾ.”

“ನೋಡೋಣ.”

ವಾಪಸು ಬಸ್ಸಿನಲ್ಲಿ ಕರಿಯಪ್ಪ ಬಿಡಲಿಲ್ಲ. “ಮಾದಿಹಳ್ಳೀಲಿ ಇಳ್ಕಳಿ, ಅಯ್ನೋರೆ. ಎಳನೀರು ಕುಡ್ಕೊಂಡು ಮುಂದಿನ ಬಸ್ಸಿಗೆ ಹೋಗೀರಂತೆ.” ಬೇಡವೆನ್ನಲು ಕಾರಣ ಹೊಳೆಯದೆ ಸಂಪತ್ಕುಮಾರ ಇಳಿದ.

ಗದ್ದೆಯಲ್ಲಿ ಕಾಲಿಟ್ಟರೆ ಕೆಸರು. ಅವನು ಪಂಚೆ ಎತ್ತಿಕಟ್ಟಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದ. ಕರಿಯಪ್ಪ ಹಗ್ಗದ ಸುರುಳಿ ತಂದು ಒಂದು ಮೂಲೆಯಲ್ಲಿ ಕಾಲಿನಿಂದ ಮಣ್ಣು ಕೆದಕಿದ.

“ಪಕ್ಕದ ಲಕ್ಕಪ್ಪನ ಗದ್ದೆಗೂ ನಂದಕ್ಕೂ ನಡೂಮಧ್ಯ ಇಲ್ಲೊಂದು ಗಡಿಕಲ್ಲಿತ್ತು. ಮಳೇಲಿ ಹೂತೋಗೈತೆ. ವಸಿ ಇಲ್ಲೇ ನಿಂತ್ಕಳಿ, ಸ್ವಾಮಿ. ನಾನು ಆ ತುದೀಗೆ ಹೋಗಿ ನಿಮ್ಮ ನೇರಕ್ಕೆ ಹಗ್ಗ ಹಿಡೀತೀನಿ. ಅಲ್ಲಾಡಬ್ಯಾಡಿ. ನೀವು ಒಂದು ಗೇಣು ಸರಿದ್ರೂ ಲಕ್ಕಪ್ಪ ಬಾಯ್ಮಾಡ್ತಾನೆ.”

‘ನಂದಕ್ಕೂ’ ಎಂದಿದ್ದ. ಸಂಪತ್ಕುಮಾರನಿಗೆ ಅದೂ ಹಗುರವೆನಿಸಿತು. ಅವನು ನಿಂತ.

ತಣ್ಣಗೆ ಗಾಳಿ ಬೀಸುತ್ತಿತ್ತು. ಏನನ್ನೂ ತೀರ್ಮಾನಿಸಬೇಕಾಗಿರಲಿಲ್ಲ. ನಿಲ್ಲು ಎಂದಿದ್ದರು, ನಿಂತಿದ್ದ. ಇಂಥ ನೆಮ್ಮದಿಯನ್ನು ಅವನು ಬಹಳ ಕಾಲದಿಂದ ಕಂಡಿರಲಿಲ್ಲ. ಪಾದ ಮೆಲ್ಲಗೆ ಕೆಸರಿನೊಳಕ್ಕೆ ಇಳಿಯಿತು. ಬೆಳ್ಳಕ್ಕಿಯೊಂದು ಹಾರಿ ಬಂದು ಅವನ ಮೊಣಕಾಲಿನ ಪಕ್ಕದಲ್ಲೇ ಹುಳ ಹೆಕ್ಕತೊಡಗಿತು. ಅದು ಅವನಿಗೆ ಹೆದರಲಿಲ್ಲ.

ದೂರದ ರಸ್ತೆಯಲ್ಲಿ ಅರಸೀಕೆರೆಯ ಬಸ್ಸು ಹಾರನ್ ಹೊಡೆಯಿತು. ಕರಿಯಪ್ಪನನ್ನು ಕೂಗಬೇಕೆಂದುಕೊಂಡ. ಕೂಗಿದರೆ ಮೈ ಅಲ್ಲಾಡೀತು ಎಂದು ಸುಮ್ಮನಾದ.

ಆ ತುದಿಗೆ ಲಕ್ಕಪ್ಪ ಬಂದಿದ್ದ. ಇಬ್ಬರದೂ ಜೋರು ಮಾತು ನಡೆದಿತ್ತು. ಹಗ್ಗ ನೆಲದ ಮೇಲೆ ಬಿದ್ದಿತ್ತು. ಲಕ್ಕಪ್ಪ ಅಲ್ಲಿ ಕಲ್ಲೇ ಇಲ್ಲವೆಂಬಂತೆ ತಲೆಯಾಡಿಸಿದ. ಕರಿಯಪ್ಪ ಸೆಟೆದು ನಿಂತು ಸಂಪತ್ಕುಮಾರನತ್ತ ಕೈ ನೀಡಿ ಕೂಗುತ್ತಿದ್ದ.

“ಕಣ್ಣು ಕಾಣಾಕಿಲ್ವೇನ್ಲಾ? ಅಗೋ, ಅದೇ ಕಲ್ಲು! ಅಲ್ಲೇ ಐತಲ್ಲೋ!”

ಸಂಪತ್ಕುಮಾರ ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು ನಿಂತ.