ಬೀಗರ ಹೊಲದ ಕಾಕಂಬಿ

ನಗ್ಲಾ ಗುಟುರು ಹಾಕಿದರೆ, ಅವಳು ಹಕ್ಕಿ ಸಾಕಲು ಕಟ್ಟಿಸಿದ್ದ ಮಣ್ಣಿನ ಗೋಪುರದ ಗಂಡು ಪಾರಿವಾಳಗಳು ಎದೆಯುಬ್ಬಿಸಿ ಜಗಳಕ್ಕೆ ಬರುತ್ತಿದ್ದವು. ಇಮಾಮರ ಕೆಮ್ಮು, ಮನ್ಸೂರಾ ಪಟ್ಟಣದ ಬಸ್ಸಿನ ಹಾರನ್ನು, ಬೀಗ ಹಾಜಿ ಬದ್ರಾವಿಯ ಮೂಗಿನ ಮಾತು, ಯಾವುದನ್ನೂ ಅವಳ ಗಂಟಲು ಅಣಕಿಸದೆ ಬಿಟ್ಟಿರಲಿಲ್ಲ. ಆದರೆ ಆ ಮಂಗಳವಾರ ಬೆಳಿಗ್ಗೆ ಗುಟುರು ಹಾಕಿದಾಗ ಗೋಪುರದಿಂದ ಬಂದದ್ದು ಅರೆಬರೆ ಉತ್ತರ.

ಏಣಿ ಹತ್ತಿ ನೋಡಿದಳು. ಕೆಲವು ಹಕ್ಕಿಗಳು ರೆಕ್ಕೆ ಜೋತುಬಿಟ್ಟು ಕೂತಿದ್ದವು. ಕೊಕ್ಕಿನಿಂದ ಜೊಲ್ಲು ಸುರಿಯುತ್ತಿತ್ತು, ಕಾಲು ನಡುಗುತ್ತಿತ್ತು. ಎರಡು ಆಗಲೇ ಸತ್ತಿದ್ದವು. ಮರಿಗಳು ಮಾತ್ರ ಗುಂಡುಗುಂಡಾಗಿ, ಏನೂ ಆಗದವರ ಹಾಗೆ ಬಾಯಿ ತೆರೆದುಕೊಂಡಿದ್ದವು.

ಆ ಮರಿಗಳೇ ಗುರುವಾರದ ಊಟ. ಮಗಳು ವಿಸಾಲಳ ಮದುವೆಯ ರಾತ್ರಿ, ಹಸಿಗೋಧಿ ನುಚ್ಚು ತುಂಬಿ ಬೇಯಿಸಿದ ಪಾರಿವಾಳಗಳ ತಟ್ಟೆಯನ್ನು ತಾಯಿಯೇ ಹೊಸ ದಂಪತಿಗೆ ಕಳಿಸಬೇಕು. ತಟ್ಟೆ ಹೊಸಿಲು ದಾಟುವ ಮೊದಲೇ ಗಂಡಿನ ಕಡೆಯ ಹೆಂಗಸರು ಬಟ್ಟೆ ಎತ್ತಿ ಇಣುಕುತ್ತಾರೆ. ಗೋಪುರ ಇಟ್ಟುಕೊಂಡವಳ ತಟ್ಟೆಯಲ್ಲಿ ಪಾರಿವಾಳವಿಲ್ಲ ಎಂದರೆ, ವಿಸಾಲ್ ಅಜ್ಜಿಯಾದರೂ ಆ ಮಾತು ಕೇಳುತ್ತಲೇ ಇರಬೇಕಾಗುತ್ತದೆ.

ವಿಸಾಲ್ ಕೆಳಗಿನಿಂದಲೇ ಉಪಾಯ ಹೇಳಿದಳು. "ಮರಿಗಳು ಚೆನ್ನಾಗೇ ಇದಾವಲ್ಲಮ್ಮ. ಇವತ್ತೇ ಕೊಯ್ದುಬಿಡು. ಬೆಂದ ಮೇಲೆ ಯಾವ ರೋಗ ಉಳಿಯುತ್ತೆ?"

ನಗ್ಲಾಳ ಕೈ ಚಾಕುವಿಗೆ ಹೋಯಿತು. ಆದರೆ ಅವಳು ಕೊಯ್ದದ್ದು ಸತ್ತ ಹಕ್ಕಿಯ ಗಂಟಲ ಚೀಲವನ್ನು. ಅದೇನು ತಿಂದಿತ್ತು ಎಂದು ನೋಡದೆ ಅವಳಿಗೆ ಸಮಾಧಾನವಿಲ್ಲ. ಒಳಗೆ ಕಂಡದ್ದು ಜೋಳದ ನುಚ್ಚು, ಕಂದುಬಣ್ಣ, ಅಂಟಂಟು. ಮೂಸಿದಳು. ಕಾಕಂಬಿ. ಆ ಕಬ್ಬಿನ ಪಾಕದ ಸಿಹಿವಾಸನೆಯ ಹಿಂದೆ ಕೊಳೆತ ಬೆಳ್ಳುಳ್ಳಿಯಂಥ ಇನ್ನೊಂದು ನಾತ. ಪಾರಿವಾಳಕ್ಕೆ ಕಾಕಂಬಿ ಕಲಸಿ ಉಣಿಸುವ ಪುಣ್ಯಾತ್ಮ ಯಾರು? ಮರಿಗಳ ಬಾಯಿಗೆ ತಾಯಿಹಕ್ಕಿ ಕಕ್ಕಿ ತುರುಕುವುದೂ ಇದನ್ನೇ ಅಲ್ಲವೇ? ಅವಳು ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದಳು. ಹಕ್ಕಿಗಳು ಹೊರಗೆ ಹೋಗದಂತೆ ಗೋಪುರದ ಕಿಂಡಿಗಳಿಗೆ ಗೋಣಿ ತುರುಕಿ, ಕಾಲುವೆ ದಾಟಿ ಹೊರಟಳು.

ದಾರಿಯಲ್ಲೇ ಅರ್ಧ ಉತ್ತರ ಹೊಳೆಯಿತು. ಕಲ್ಲಂಗಡಿ ಸಸಿಗಳನ್ನು ಬುಡದಲ್ಲೇ ಕತ್ತರಿಸುವ ನೆಲಜೀರುಂಡೆ ಹುಳಕ್ಕೆ ರೈತರು ತೌಡಿನಲ್ಲಿ ಔಷಧಿ, ಕಾಕಂಬಿ ಕಲಸಿ ಸಾಲಿಗೆ ಚೆಲ್ಲುತ್ತಾರೆ. ಆದರೆ ಚೆಲ್ಲುವುದು ಹೊತ್ತು ಮುಳುಗಿದ ಮೇಲೆ, ಹುಳ ಮೇಲೆದ್ದು ಹಕ್ಕಿ ಮಲಗಿದಾಗ. ಹಗಲಲ್ಲಿ ಚೆಲ್ಲಿದವನು ಯಾರು?

ಹಾಜಿ ಬದ್ರಾವಿ. ಅದೂ ಅವಳೇ ಕೊಟ್ಟ ಪಾರಿವಾಳದ ಗೊಬ್ಬರ ಹಾಕಿದ ಹೊಲದಲ್ಲಿ. ಬೇಲಿಯ ಪಕ್ಕ ತಗಡಿನ ಡಬ್ಬಿಯ ಮುಂದೆ ಕೂತು, ಮೊಣಕೈವರೆಗೆ ಕಂದಾದ ಕೈಗಳಿಂದ ಕಲಸುತ್ತಿದ್ದ.

"ಮದರಂಗಿ ಹುಡುಗಿಗೆ ನಾಳೆ, ಬೀಗರೇ. ನಿಮಗೆ ಇವತ್ತೇ ಹಚ್ಚಿದ್ಯಾರು?" ಎಂದಳು.

ಬದ್ರಾವಿ ನಗಲು ಹೋಗಿ ಉಗುಳಿದ. ಮದುವೆ ಮನೆ, ಸಂಜೆಯಾದರೆ ನೆಂಟರು. ಅದಕ್ಕೇ ಎರಡು ದಿನದಿಂದ ಮಧ್ಯಾಹ್ನವೇ ಚೆಲ್ಲಿ ಮುಗಿಸುತ್ತಿದ್ದಾನಂತೆ. ಅಂಗಡಿಯಲ್ಲಿ ತೌಡು ಸಿಗಲಿಲ್ಲ, ಜೋಳದ ನುಚ್ಚು ಹಾಕಿದನಂತೆ. ತಲೆನೋವು ಬಿಸಿಲಿನದಂತೆ. ಹೇಳುತ್ತಾ ಹೇಳುತ್ತಾ ಅವನ ಬಾಯಂಚಿನಿಂದ ಜೊಲ್ಲಿಳಿಯಿತು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಎಡಗಣ್ಣಿನ ರೆಪ್ಪೆ ತಾನಾಗಿ ಅದುರುತ್ತಿತ್ತು.

ನಗ್ಲಾ ಬೈಯಲು ಬಂದವಳು ಬಗ್ಗಿ ಅವನ ಮುಖ ನೋಡಿದಳು. ಪಾಪೆಗಳು ಗಸಗಸೆಯಷ್ಟಾಗಿದ್ದವು. ಅವಳು ತೋಳುಗಳನ್ನು ಜೋತುಬಿಟ್ಟು, ಕುತ್ತಿಗೆ ಓಲಿಸಿ, ಕಾಲು ನಡುಗಿಸಿ ತನ್ನ ಪಾರಿವಾಳದ ಹಾಗೆ ನಿಂತಳು.

"ಏನಮ್ಮ ಇದು, ಹೊಲದಲ್ಲಿ ನಾಟಕ?"

"ನಮ್ಮ ಗೋಪುರದಲ್ಲಿ ಬೆಳಿಗ್ಗೆಯಿಂದ ನಡೀತಿರೋದು ಇದೇ. ಈಗ ನೀವೂ ಅದನ್ನೇ ಆಡ್ತಿದೀರಿ. ಎರಡು ಸತ್ತಿವೆ. ಎದ್ದೇಳಿ."

ಬದ್ರಾವಿ ಏಳಲು ಹೋದ, ಕಾಲು ಏಳಲಿಲ್ಲ.

ಅವಳು ಅವನ ಜುಬ್ಬಾ ಕಳಚಿಸಿ, ಕೊಡದ ನೀರು ಸುರಿದು, ಹಾದುಹೋಗುತ್ತಿದ್ದ ಟ್ರಾಕ್ಟರಿಗೆ ಹತ್ತಿಸಿದಳು. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಕಣ್ಣಿಗೆ ಟಾರ್ಚು ಬಿಟ್ಟವರೇ ಸೂಜಿ ಚುಚ್ಚಿದರು. ವಿಷ ಚರ್ಮದಿಂದಲೂ ಹೇಗೆ ಒಳಗೆ ಹೋಗುತ್ತದೆ ಎಂದು ನಗ್ಲಾ ಕೇಳಿದಳು, ಮತ್ತೆ ಕೇಳಿದಳು. ಡಾಕ್ಟರಮ್ಮ ಕೊನೆಗೆ ಹೇಳಿದರು: "ಆ ವಿಷ ಹಿಡಿಯೋದು ನರಾನ. ನರ ಹುಳಕ್ಕೂ ಇದೆ, ಹಕ್ಕಿಗೂ ಇದೆ, ಹಾಜಿಗೂ ಇದೆ. ಯಾರದ್ದು ಅಂತ ಅದು ಕೇಳಲ್ಲ."

"ಮರಿಗಳು?"

"ಸತ್ತಿಲ್ಲ ಅಂದ ಮಾತ್ರಕ್ಕೆ ತಿನ್ನಬಹುದು ಅಂತಲ್ಲ."

ಗುರುವಾರ ಸಂಜೆ ತಟ್ಟೆ ಹೊರಟಿತು. ಬಟ್ಟೆ ಎತ್ತಿದ ಹೆಂಗಸರಿಗೆ ಕಂಡದ್ದು ಬಾತುಕೋಳಿ. ಗೋಪುರದವಳ ಮಗಳಿಗೆ ಪಾರಿವಾಳಕ್ಕೂ ಬರವೇ ಎಂದು ಒಬ್ಬಳು ಶುರುಮಾಡಿದಳು. ಇನ್ನೊಬ್ಬಳು ಮುಗಿಸುವವಳಿದ್ದಳು. ವಿಸಾಲ್ ತಲೆ ತಗ್ಗಿಸಿದಳು.

ಮೂಲೆಯಲ್ಲಿ ದಿಂಬಿಗೆ ಒರಗಿದ್ದ ಬದ್ರಾವಿ ಮೂಗಿನಲ್ಲೇ ಹೇಳಿದ. "ಪಾರಿವಾಳಾನ ಮಂಗಳವಾರವೇ ಕೆಡಿಸಿದ್ದು ನಾನು. ನನ್ನ ಕೈಯಾರೆ. ಕೇಳೋರು ನನ್ನ ಕೇಳಿ, ನಮ್ಮ ಸೊಸೇನಲ್ಲ."

ಬಟ್ಟೆ ಮತ್ತೆ ತಟ್ಟೆಯ ಮೇಲೆ ಬಿತ್ತು. ಬಾತುಕೋಳಿ ಒಳಗೆ ಹೋಯಿತು.

ಮರುದಿನ ಬೆಳಿಗ್ಗೆ, ಮುಚ್ಚಿದ ಗೋಪುರಕ್ಕೆ ಕಾಳು, ನೀರು ಹೊತ್ತು ಹತ್ತಿದ ನಗ್ಲಾ ಕಿವಿಗೊಟ್ಟು ಮೆಲ್ಲನೆ ಗುಟುರು ಹಾಕಿದಳು. ಎಷ್ಟು ಗಂಟಲು ಉಳಿದಿವೆ ಎಂದು ತಿಳಿಯಬೇಕಿತ್ತು.